ಹೆಚ್ಚಿದ ಅಕ್ಕಿ

ಅನುಮಾನ ಪಡುವುದು ನನ್ನ ಕಸುಬು. ಸರ್ಕಾರ ಜನರಿಗೆ ಕೊಡುತ್ತೇನೆಂದದ್ದು ನಿಜವಾಗಿ ಅವರ ಕೈ ಸೇರಿತೇ ಎಂದು ಹೋಗಿ ನೋಡುವ ಆಡಿಟ್ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ, ಕಡೆಯ ಮೂರು ವರ್ಷ ಕೊಲ್ಕತ್ತದಲ್ಲಿ. ತರಕಾರಿಯವನು ನಗುತ್ತ ಮಾತಾಡಿಸಿದರೂ ನನ್ನ ಕಣ್ಣು ತಕ್ಕಡಿಯ ಮೇಲೇ ಇರುತ್ತದೆಂದು ನಮ್ಮ ಯಜಮಾನರು ರೇಗಿಸುತ್ತಾರೆ. ರೇಗಿಸಲಿ ಬಿಡಿ. ನಾನು ನೋಡುತ್ತಿರುವ ದಿನ ತೂಕ ಸರಿಯಾಗಿರುತ್ತದೆ.

ಹೋದ ವರ್ಷ ನಮ್ಮ ತಂಡಕ್ಕೆ ಬಂದದ್ದು ಅಂಗನವಾಡಿಗಳ ಸರದಿ. ಮಕ್ಕಳಿಗೆ ಬಿಸಿಯೂಟ ಸಿಗುತ್ತಿದೆಯೇ ಎಂದು ಹೇಳದೆ ಕೇಳದೆ ಹೋಗಿ ನೋಡಬೇಕಿತ್ತು. ತಂಡದಲ್ಲಿ ನನಗಿಂತ ಹಿರಿಯರಾದ ಒಬ್ಬ ಬಂಗಾಳಿ ಸಹೋದ್ಯೋಗಿ ಇದ್ದರು. ಅವರನ್ನು ನಾನು ಬೇಕೆಂದೇ ಬಿಟ್ಟು ಹೋದೆ. ಊರಿನವರು, ತಮ್ಮವರ ಮಾತನ್ನು ನನಗೆ ಹೇಳುವಾಗ ಸ್ವಲ್ಪ ಮೆತ್ತಗೆ ಮಾಡಿ ಹೇಳಬಹುದು ಎಂಬ ಗುಮಾನಿ. ಅಷ್ಟಕ್ಕೂ ಎರಡು ವರ್ಷ ಬಂಗಾಳಿ ಕಲಿತಿದ್ದೆನಲ್ಲ, ಮೀನಿನ ಅಂಗಡಿಯವನ ಜೊತೆ ಜಗಳ ಆಡುವಷ್ಟು ಬರುತ್ತಿತ್ತು.

ಜಾದವ್‌ಪುರ ಸ್ಟೇಷನ್ನಿನ ಹಿಂದಿನ ಗಲ್ಲಿಯೊಂದರಲ್ಲಿ, ಪಾಡಾದ, ಅಂದರೆ ಆ ಕೇರಿಯ, ಕ್ಲಬ್ಬಿನ ಜಗಲಿಯ ಮೇಲೆ ಆ ಅಂಗನವಾಡಿ ನಡೆಯುತ್ತಿತ್ತು. ಗಂಟೆ ಹತ್ತು. ಹದಿನೆಂಟು ಮಕ್ಕಳು ಚಾಪೆಯ ಮೇಲಿದ್ದವು, ಒಲೆ ತಣ್ಣಗಿತ್ತು. ಐವತ್ತು ದಾಟಿದ ಕಾರ್ಯಕರ್ತೆ ಒಬ್ಬಳೇ ಇದ್ದಳು. ದಾಸ್ತಾನು ಪುಸ್ತಕ ಎಲ್ಲಿ ಎಂದೆ. ಸೂಪರ್‌ವೈಸರ್ ತೆಗೆದುಕೊಂಡು ಹೋಗಿದ್ದಾರೆ ಎಂದಳು. ಅಕ್ಕಿಯ ಡ್ರಮ್ಮು ಎಲ್ಲಿ ಎಂದೆ. ಕ್ಲಬ್ಬಿನ ಕೋಣೆಯೊಳಗೆ, ಕೀಲಿ ಇಟ್ಟುಕೊಂಡವರು ಯಾವುದೋ ಕೇಸಿಗೆಂದು ಅಲಿಪುರ ಕೋರ್ಟಿಗೆ ಹೋಗಿದ್ದಾರೆ ಎಂದಳು. ಸರಿಯಾಗಿ ನಾನು ಬಂದ ದಿನವೇ! ಇಂಥ ಬೀಗಗಳನ್ನು ನಾನು ಎಷ್ಟು ಕಂಡಿಲ್ಲ? ಅಕ್ಕಿ ಇದೆಯೋ ಇಲ್ಲವೋ ಅಷ್ಟು ಹೇಳಿ ಎಂದು ಗದರಿದೆ. ಆಕೆ ಮಕ್ಕಳ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು.

"ಚಾಲ್ ಬಾಡೊಂತೊ, ದಿದಿ."

ಚಾಲ್ ಎಂದರೆ ಅಕ್ಕಿ. ಬಾಡಾ ಎಂದರೆ ಬೆಳೆಯುವುದು, ಹೆಚ್ಚುವುದು. ಅಂದರೆ ಅಕ್ಕಿ ಬೇಕಾದಷ್ಟು ಬಿದ್ದಿದೆ, ಒಲೆ ಮಾತ್ರ ಹಚ್ಚಿಲ್ಲ. ಎಂಥ ಧೈರ್ಯ ಎಂದು ನನಗೆ ಮೈಯೆಲ್ಲ ಉರಿಯಿತು. ತನ್ನ ಬಳಿ ಹೆಚ್ಚುವರಿ ಅಕ್ಕಿ ಇದೆಯೆಂದು ಕಾರ್ಯಕರ್ತೆಯೇ ಒಪ್ಪಿದ್ದಾಳೆ, ಆದರೂ ಅಡುಗೆ ಮಾಡಿಲ್ಲ ಎಂದು ಅಲ್ಲೇ ಇಂಗ್ಲಿಷಿನಲ್ಲಿ ಬರೆದು ಅವಳ ಮುಂದಿಟ್ಟೆ. ಏನು ಬರೆದಿದೆ ಎಂದು ಆಕೆ ಕೇಳಲಿಲ್ಲ, ನಾನೂ ಓದಿ ಹೇಳಲಿಲ್ಲ. ಬಂಗಾಳಿ ಅಕ್ಷರದಲ್ಲಿ ನಿಧಾನವಾಗಿ ಸಹಿ ಹಾಕಿಕೊಟ್ಟಳು.

ಇಲಾಖೆ ನಮ್ಮ ಕಾಗದಕ್ಕೆ ಇಷ್ಟು ಬೇಗ ಅಲ್ಲಾಡಿದ್ದನ್ನು ನಾನು ಕಂಡಿರಲಿಲ್ಲ. ಅಕ್ಕಿ ಇದ್ದೂ ಮಕ್ಕಳನ್ನು ಉಪವಾಸ ಕೆಡವಿದ್ದಕ್ಕೆ ಹದಿನೈದು ದಿನದಲ್ಲಿ ಸಮಜಾಯಿಷಿ ಕೊಡು, ಇಲ್ಲವಾದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಆಕೆಗೆ ನೋಟೀಸು ಹೋಯಿತು. ಹೇಗೂ ದಾಸ್ತಾನು ಹೆಚ್ಚಿದೆಯೆಂದು ಆ ಕೇಂದ್ರಕ್ಕೆ ಬರಬೇಕಿದ್ದ ಅಕ್ಕಿಯನ್ನೂ ತಡೆದರು. ನೋಟೀಸಿನ ನಕಲು ನನ್ನ ಮೇಜಿಗೆ ಬಂದಾಗ ನಿಜ ಹೇಳಬೇಕೆಂದರೆ ಖುಷಿಪಟ್ಟೆ.

ಆಗ ಅಮ್ಮ ಮೈಸೂರಿನಿಂದ ಬಂದು ನಮ್ಮ ಮನೆಯಲ್ಲಿದ್ದರು. ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಟಾಗ ದೇವರ ಮುಂದೆ ಕೂತಲ್ಲಿಂದಲೇ ಕೂಗಿದರು.

"ಕುಂಕುಮ ಹೆಚ್ಚಿದೆ ಕಣೇ, ಸಂಜೆ ಬರ್ತಾ ತಗೊಂಡ್ ಬಾ."

ನನ್ನ ಮಗಳು ಹುಟ್ಟಿದ್ದು ಬೆಳೆದದ್ದು ನಮ್ಮ ವರ್ಗಾವಣೆಯ ಊರುಗಳಲ್ಲಿ. ಅವಳಿಗೆ ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಅಷ್ಟಾಗಿ ಬರುವುದಿಲ್ಲ. "ಎಕ್ಸ್‌ಟ್ರಾ ಇದ್ರೆ ಫಿರ್ ಯಾಕೆ ತರೋದು, ಅಜ್ಜಿ?" ಎಂದಳು. ಅಮ್ಮ ನಕ್ಕುಬಿಟ್ಟರು. ಕುಂಕುಮ ಮುಗಿಯಿತು ಅನ್ನಬಾರದು, ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು, ಮನೆಯಲ್ಲಿ ಅಕ್ಕಿ ತೀರಿದರೂ ಹಾಗೇ ಎಂದು ಮೊಮ್ಮಗಳಿಗೆ ತಿಳಿಸಿ ಹೇಳತೊಡಗಿದರು. ಚಪ್ಪಲಿ ಮೆಟ್ಟುತ್ತಿದ್ದ ನನಗೆ ಅಂಗನವಾಡಿಯ ಆ 'ಬಾಡೊಂತೊ' ನೆನಪಾಯಿತು. ಅಯ್ಯೋ ದೇವರೇ, ಎಂಥ ಕೆಲಸ ಮಾಡಿಬಿಟ್ಟೆ!

ಆಫೀಸಿಗೆ ಹೋದವಳೇ ಹಿರಿಯ ಸಹೋದ್ಯೋಗಿಯನ್ನು ಆ ಮಾತಿನ ಅರ್ಥ ಕೇಳಿದೆ. ಮನೆಯಲ್ಲಿ ಒಂದು ಕಾಳೂ ಇಲ್ಲ ಅಂತ ಅರ್ಥ ಎಂದರು. ಯಾರು ಹೇಳಿದ್ದು ಎಂದರು. ಹೇಳಿದೆ. ಕೈಯಲ್ಲಿದ್ದ ಚಹಾ ಕೆಳಗಿಟ್ಟು ನನ್ನನ್ನೇ ನೋಡಿದರು. ಅಂದು ತಮ್ಮನ್ನು ಯಾಕೆ ಕರೆದೊಯ್ಯಲಿಲ್ಲ ಎಂದು ಕೇಳಲಿಲ್ಲ, ಅದು ಅವರಿಗೆ ಮೊದಲೇ ಗೊತ್ತಿತ್ತು.

ಬರೆದದ್ದನ್ನು ವಾಪಸು ತೆಗೆದುಕೊಳ್ಳಬೇಕೆಂದು ನಮ್ಮ ಸಾಹೇಬರ ಮುಂದೆ ನಿಂತೆ. ಅವರು ಆಕೆಯ ಸಹಿಯ ಮೇಲೆ ಬೆರಳಿಟ್ಟು, ಕನ್ನಡಕದ ಮೇಲಿಂದ ನೋಡುತ್ತ ಕೇಳಿದರು: "ಆಕೆಯ ಕಡೆಯವರು ಯಾರಾದರೂ ಬಂದು ನಿಮ್ಮನ್ನ ನೋಡಿದರಾ?"

ಇಪ್ಪತ್ತು ವರ್ಷ ಇದೇ ಪ್ರಶ್ನೆಯನ್ನು ಎಷ್ಟು ಜನಕ್ಕೆ ಹಾಕಿದ್ದೇನೋ. ಕೊನೆಗೆ ಸಾಹೇಬರು, ಆಕೆಯಿಂದ ಹೊಸ ಹೇಳಿಕೆ ಬರೆಸಿ ಸಹಿ ಮಾಡಿಸಿಕೊಂಡು ಬಂದರೆ ನೋಡೋಣ ಎಂದರು. ನೋಟೀಸಿನ ಹದಿನೈದು ದಿನದಲ್ಲಿ ಉಳಿದದ್ದು ಎರಡೇ.

ಈ ಸಲ ಸಹೋದ್ಯೋಗಿಯನ್ನು ಕರೆದುಕೊಂಡೇ ಹೋದೆ. ಕ್ಲಬ್ಬಿನ ಕೋಣೆ ತೆರೆದಿತ್ತು. ಡ್ರಮ್ಮಿನ ಮುಚ್ಚಳ ತೆಗೆದರೆ ತಳದಲ್ಲಿ ತುಕ್ಕು ಬಿಟ್ಟರೆ ಏನೂ ಇಲ್ಲ. ಮಕ್ಕಳೂ ಇರಲಿಲ್ಲ. ಊಟ ಇಲ್ಲದ ಕಡೆ ಯಾವ ತಾಯಿ ಕಳಿಸುತ್ತಾಳೆ? ಕಾರ್ಯಕರ್ತೆ ಮಾತ್ರ ಖಾಲಿ ಚಾಪೆ ಹಾಸಿಕೊಂಡು, ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದಳು. ತಪ್ಪು ನನ್ನದು, ನಿಮ್ಮ ಮಾತು ನನಗೆ ಅರ್ಥವಾಗಲಿಲ್ಲ, ಕ್ಷಮಿಸಿ ಎಂದೆ. ಸಹೋದ್ಯೋಗಿ ಬಂಗಾಳಿಯಲ್ಲಿ ಬರೆದಿದ್ದ ಹೇಳಿಕೆಯನ್ನು ಕೊಟ್ಟೆ. ಅಂದು ಅಕ್ಕಿ ಇರಲಿಲ್ಲ, ಅಧಿಕಾರಿ ತಪ್ಪು ತಿಳಿದು ಬರೆದರು ಎಂದು ಅದರಲ್ಲಿತ್ತು. ಆಕೆ ಸಾಲಿನ ಮೇಲೆ ಬೆರಳಾಡಿಸುತ್ತ ಓದಿದಳು. ಹಾಳೆ ತಿರುಗಿಸಿ ಬೆನ್ನಿನ ಮೇಲೆ ಏನಾದರೂ ಇದೆಯೇ ಎಂದು ನೋಡಿದಳು. ಮತ್ತೆ ಮೊದಲಿನಿಂದ ಓದಿದಳು. ಇಷ್ಟೇನಾ ಇರುವುದು ಎಂದು ಸಹೋದ್ಯೋಗಿಯನ್ನು ಕೇಳಿದಳು, ನನ್ನನ್ನಲ್ಲ.

ಪೆನ್ನು ಮುಂದೆ ಹಿಡಿದೆ. ಆಕೆ ಅದನ್ನು ಮುಟ್ಟಲಿಲ್ಲ. ಹಾಳೆಯನ್ನು ನನ್ನ ಕಡೆಗೆ ಸರಿಸಿ ಹೇಳಿದಳು.

"ಮೊದಲು ನೀವು ಸಹಿ ಮಾಡಿ."