ಕಾಂತಿಯಕ್ಕ ಹೂವಿಗೆ ಕೊಟ್ಟ ಹೆಸರು

ಶಿರ್ತಾಡಿಯ ಕಾಂತಿಯಕ್ಕನಿಗೆ ಈಗ ಅರುವತ್ತರ ಹತ್ತಿರ. ಹನ್ನೆರಡನೆಯ ವಯಸ್ಸಿನಿಂದ ಬೀಡಿ ಕಟ್ಟಿದವರು, ಅದರಲ್ಲೇ ಮಗಳನ್ನು ಓದಿಸಿ ಮದುವೆ ಮಾಡಿಕೊಟ್ಟವರು. ಅವರ ತಾಯಿ ಊರಿನ ಎಳೆಮಕ್ಕಳಿಗೆ ಮದ್ದು ಅರೆದು ಕೊಡುತ್ತಿದ್ದರು. ಬೇರು, ಸೊಪ್ಪು ತರಲು ಮಗಳನ್ನು ಪದವಿನ ಮೇಲೆ ಕಳುಹಿಸುತ್ತಿದ್ದರು. ಪದವು ಅಂದರೆ ಊರಿನ ನೆತ್ತಿಯಲ್ಲಿರುವ ಕೆಂಪುಕಲ್ಲಿನ ಹುಲ್ಲುಬಯಲು. ಅಲ್ಲಿಯ ಒಂದೊಂದು ಗಿಡವೂ ಕಾಂತಿಯಕ್ಕನಿಗೆ ಹಾಗೆಯೇ ಪರಿಚಯವಾದದ್ದು.

ನನ್ನ ಹೆಸರು ಫಾಯಿಝಾ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ವಾರ, ಹೂವು ಮತ್ತು ಹುಳ ನೋಡಲು ಇಪ್ಪತ್ತೈದು ಮಂದಿಯನ್ನು ಕಟ್ಟಿಕೊಂಡು ಅದೇ ಪದವು ಹತ್ತಿದೆ. ದಾರಿ ತೋರಿಸಲು ಕಾಂತಿಯಕ್ಕನನ್ನು ಕರೆದಿದ್ದೆ. ಅವರು ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು ಬಂದಿದ್ದರು.

ಆ ದಿನ ಅವರನ್ನು ನೋಡಬೇಕಿತ್ತು. ಎಲೆಯೇ ಇಲ್ಲದೆ ನೆಲದಿಂದ ನೇರ ಎದ್ದ ನೆಲಸಂಪಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಮೊದಲು ಹೂವು, ಎಲೆ ಆಮೇಲೆ. ಇದಕ್ಕೆ ಅವಸರ ಜಾಸ್ತಿ" ಅಂದರು. ಕಲ್ಲಿನ ಬಿರುಕಿನಲ್ಲಿ ಮೇಣದ ಸಣ್ಣ ಕೊಳವೆ ತೋರಿಸಿ, ಅದು ಮುಜಂಟಿ ಜೇನಿನ ಬಾಗಿಲು, ಆ ಜೇನು ಕುಟುಕುವುದಿಲ್ಲ ಅಂದರು. ಕೇಪಳದ ಎಲೆ ಹೊಲಿದು ಗೂಡು ಕಟ್ಟಿದ್ದ ಚಗಳಿ ಇರುವೆಗಳಿಂದ ಎಲ್ಲರನ್ನೂ ದೂರ ನಿಲ್ಲಿಸಿದರು. ಕೇಳಿದ್ದಕ್ಕೆಲ್ಲ ಉತ್ತರ ಇತ್ತು.

ಆಗ ಪ್ರಾಪ್ತಿ ಎಂಬ ನನ್ನ ವಿದ್ಯಾರ್ಥಿನಿ ಕೂಗಿದಳು. ಕಲ್ಲುಗಳ ನಡುವೆ ಒಂದು ಚಾಪೆಯಷ್ಟು ಜಾಗದಲ್ಲಿ ಸಣ್ಣ ಸಣ್ಣ ಬಿಳಿ ಹೂವು, ಗಂಟಲಲ್ಲಿ ನೇರಳೆ ಬಣ್ಣ. ಹೊಟ್ಟೆಯಲ್ಲಿ ನೀಲಿ ಪಟ್ಟೆ ಇದ್ದ ಜೇನುಗಳು ಅದರ ಮೇಲೆ ಗುಂಯ್‌ಗುಡುತ್ತಿದ್ದವು.

"ಅಕ್ಕಾ, ಇದಕ್ಕೆ ಏನು ಹೇಳ್ತಾರೆ?"

ಕಾಂತಿಯಕ್ಕ ಬಾಗಿ ಒಂದು ಹೂವನ್ನು ಮುಟ್ಟಿ ನೋಡಿದರು. ಎಲ್ಲರ ಮೊಬೈಲೂ ಅವರ ಕಡೆಗೇ ತಿರುಗಿತ್ತು.

"ಉಬ್ಬಸದ ಹೂವು. ಗೆಡ್ಡೆ ಅರೆದು ಜೇನಲ್ಲಿ ನೆಕ್ಕಿಸಿದರೆ ಮಕ್ಕಳ ಉಬ್ಬಸ ಹೋಗ್ತದೆ. ಅಮ್ಮ ಕೊಡ್ತಾ ಇದ್ದರು."

ನಾನು ಅದನ್ನು ಬರೆದುಕೊಂಡೆ. ರಾತ್ರಿಯ ಒಳಗೆ ವಿಡಿಯೋ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದವಳೂ ನಾನೇ. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ.

ಹದಿನೈದು ದಿನ ಕಳೆದಿರಬೇಕು. ಕಾಲೇಜಿನ ಗೇಟಿನಲ್ಲಿ ಕಾಂತಿಯಕ್ಕ ಒದ್ದೆಯಾಗಿ ನಿಂತಿದ್ದರು. ಕೊಡೆ ಕೈಯಲ್ಲೇ ಇತ್ತು, ಬಿಡಿಸಿರಲಿಲ್ಲ.

"ಆ ಹೂವಿಗೆ ಆ ಹೆಸರಿಲ್ಲ ಟೀಚರೇ. ಅದು ನಾನೇ ಕಟ್ಟಿ ಹೇಳಿದ್ದು. ಮದ್ದಿನ ಮಾತೂ ಹಾಗೆಯೇ."

ಒಳಗೆ ಕೂರಿಸಿದ ಮೇಲೆ ಪೂರ್ತಿ ಹೇಳಿದರು. ಪಕ್ಕದ ಮನೆಯ ನವ್ಯಾಳ ಮಗಳು ಸಾತ್ವಿಕಾ, ಏಳು ವರ್ಷದ ಮಗು, ಉಬ್ಬಸದವಳು. ವಿಡಿಯೋ ನೋಡಿದ ನವ್ಯಾ ಗೆಡ್ಡೆ ತಂದು ಅರೆದು ಕೊಟ್ಟಿದ್ದಾಳೆ. ಊರಮದ್ದು ಕೊಡುವಾಗ ಬೇರೆ ಯಾವುದೂ ಬೇಡವೆಂದು ಡಾಕ್ಟರು ಕೊಟ್ಟ ಇನ್‌ಹೇಲರನ್ನು ನಾಲ್ಕು ದಿನ ಎತ್ತಿಟ್ಟಿದ್ದಾಳೆ. ಐದನೆಯ ದಿನ ಮಗುವಿನ ತುಟಿ ನೀಲಿಗಟ್ಟಿ, ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದಾರೆ. ಮಗು ಉಳಿಯಿತು, ಈಗ ಮನೆಗೆ ಬಂದಿದೆ.

"ನೋಡಲಿಕ್ಕೆ ಹೋಗಿದ್ದೆ. ನವ್ಯಾ ನನ್ನ ಕೈ ಹಿಡಿದು, 'ನಾನು ಅರೆದದ್ದೇ ಸರಿಯಾಗಲಿಲ್ಲವೋ ಏನೋ ಅಕ್ಕಾ, ನಿಮ್ಮಲ್ಲಿ ಒಂದು ಮಾತು ಕೇಳಬೇಕಿತ್ತು' ಅಂತ ಅತ್ತಳು. 'ಗುಣ ಆಗ್ತದೆ' ಅಂತ ಹೇಳಿ ಬಂದೆ, ಕಳ್ಳಿಯ ಹಾಗೆ."

ಮರುದಿನ ಬೆಳಿಗ್ಗೆ ಪದವು ಹತ್ತಿದ್ದರಂತೆ. ಹೂವಿದ್ದ ಜಾಗದ ತುಂಬ ಹಾರೆಯಲ್ಲಿ ಅಗೆದ ಗುಂಡಿ. ಯಾರು ಯಾರು ಅಗೆದಿದ್ದರೋ. ಒಂದೇ ಒಂದು ನೀಲಿಪಟ್ಟೆಯ ಜೇನು ಆ ಗುಂಡಿಗಳ ಮೇಲೆ ಸುತ್ತು ಹೊಡೆಯುತ್ತಿತ್ತಂತೆ.

"ಗೊತ್ತಿಲ್ಲ ಅಂತ ಹೇಳಬಹುದಿತ್ತಲ್ಲ ಅಕ್ಕಾ?"

"ಹೇಳಬಹುದಿತ್ತು. ಜೀವಮಾನದಲ್ಲಿ ನನ್ನಲ್ಲಿ ಯಾರೂ ಏನೂ ಕೇಳಿದವರಲ್ಲ ಟೀಚರೇ. ಆ ದಿನ ಎಲ್ಲರೂ ಕೇಳಿದಿರಿ. ಇಲ್ಲ ಅನ್ನಲು ಮನಸ್ಸು ಬರಲಿಲ್ಲ."

ನನ್ನ ಕಪಾಟಿನಲ್ಲಿ ಗಿಡಗಳ ದೊಡ್ಡ ಪುಸ್ತಕ ಇತ್ತು. ಒಮ್ಮೆ ತೆರೆದು ನೋಡಬಹುದಿತ್ತು. ಗ್ರೂಪಿನಲ್ಲಿ ಬಂದ ಹೊಗಳಿಕೆ ಓದುವುದರಲ್ಲಿ ನಾನು ಅದನ್ನು ಮಾಡಿರಲಿಲ್ಲ. ಇದನ್ನು ಕಾಂತಿಯಕ್ಕನಿಗೂ ಹೇಳಿದೆ.

ಅದೇ ಸಂಜೆ ಇಬ್ಬರೂ ನವ್ಯಾಳ ಮನೆಗೆ ಹೋದೆವು. ಕಾಂತಿಯಕ್ಕ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದರು, ಒಂದು ಮಾತೂ ಬಿಡಲಿಲ್ಲ.

ನವ್ಯಾ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಸಾಯ್ತಿದ್ದಳು ನನ್ನ ಮಗಳು. ನಿಮಗೆ ಹೂವಿನ ಹೆಸರು ಗೊತ್ತಿಲ್ಲ ಅನ್ನಲಿಕ್ಕೆ ನಾಚಿಕೆ, ಅದಕ್ಕೆ." ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು.

ಮತ್ತೊಂದು ವಿಡಿಯೋ ಮಾಡಿದೆವು. "ನಾನು ಶಿರ್ತಾಡಿಯ ಕಾಂತಿ. ನಾನು ಹೇಳಿದ್ದು ಸುಳ್ಳು. ಆ ಗೆಡ್ಡೆಯನ್ನು ಯಾರಿಗೂ ಕೊಡಬೇಡಿ." ಅದನ್ನು ಹೆಚ್ಚು ಮಂದಿ ನೋಡಲಿಲ್ಲ. ಜುಲೈಯಲ್ಲಿ ಕೊಕ್ಕಡದಿಂದ ಯಾರೋ ಗೆಡ್ಡೆ ಸಿಗಬಹುದಾ ಎಂದು ನನಗೆ ಫೋನು ಮಾಡಿದರು. ಬೇಡವೆಂದು ನಾನು ಫೋನಿನಲ್ಲೇ ಹೇಳಿದ್ದೆ. ಕಾಂತಿಯಕ್ಕನಿಗೆ ಅದು ಸಾಲಲಿಲ್ಲ. ಜಡಿಮಳೆಯಲ್ಲಿ ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ಹೋಗಿ, ಗುರುತಿಲ್ಲದ ಆ ಮನೆಯ ಅಂಗಳದಲ್ಲಿ ನಿಂತು ತಾನು ಮಾಡಿದ್ದನ್ನು ಹೇಳಿ ಬಂದರು. ಬಂದ ಮೇಲೆ ಮೂರು ದಿನ ಜ್ವರದಲ್ಲಿ ಮಲಗಿದರು.

ನವ್ಯಾ ಒಂದು ವರ್ಷ ಮಾತು ಬಿಟ್ಟಿದ್ದಳು. ಈಗ ರೇಶನ್ ಅಂಗಡಿಯಲ್ಲಿ ಸಿಕ್ಕಿದರೆ ಎರಡು ಮಾತಾಡುತ್ತಾಳೆ. ಮೊನ್ನೆ ಕಾಂತಿಯಕ್ಕ ಹಲಸಿನ ಹಣ್ಣಿನ ಕಡಿ ಕೊಟ್ಟಾಗ ತೆಗೆದುಕೊಂಡಳಂತೆ. ಮಗುವಿಗೆ ಮಾತ್ರ ಕೊಡಲಿಲ್ಲ. ಮಗು ಕೈ ಚಾಚಿದಾಗ ನವ್ಯಾ ತಟ್ಟೆಯನ್ನು ಕೈಗೆ ಸಿಗದ ಹಾಗೆ ಎತ್ತಿಟ್ಟದ್ದು ಬೇಲಿಯ ಈಚೆ ನಿಂತಿದ್ದ ಕಾಂತಿಯಕ್ಕನಿಗೆ ಕಂಡಿತಂತೆ.

"ಅವಳು ಮಾಡಿದ್ದೇ ಸರಿ" ಅಂದರು ಕಾಂತಿಯಕ್ಕ ನನ್ನಲ್ಲಿ. ಆಮೇಲೆ ತುಂಬ ಹೊತ್ತು ಬೀಡಿ ಎಲೆ ಕತ್ತರಿಸುತ್ತಾ ಕೂತರು.