ಪ್ರತಿವಾದಿ ಬೀನ್ಸ್ ಹೆಚ್ಚಿದ ದಿನಗಳು

ಮನುಷ್ಯ ಮನುಷ್ಯನಿಗೆ ಮಾಡುವ ಪ್ರತಿಯೊಂದು ಹಾನಿಗೂ ಕಾನೂನಿನಲ್ಲಿ ಒಂದು ಪರಿಹಾರವಿದೆ. ಈ ಮಾತನ್ನು ನಾನು ಮೂವತ್ತು ವರ್ಷ ಕಕ್ಷಿದಾರರಿಗೆ ಗಂಭೀರವಾಗಿ ಹೇಳಿ ಸಂಸಾರ ಸಾಗಿಸಿದ್ದೇನೆ. ಆದರೆ ಹಾನಿ ಮಾಡಿದವನೇ ಬೆಳಿಗ್ಗೆ ನಿಮ್ಮ ಅಡುಗೆಮನೆಯಲ್ಲಿ ನಿಂತು, "ಸಾರ್, ಬೀನ್ಸ್ ಸಣ್ಣಗೆ ಹೆಚ್ಲಾ, ಉದ್ದುದ್ದ ಇರ್ಲಾ?" ಎಂದು ಕೇಳುತ್ತಿದ್ದರೆ ಆ ಪರಿಹಾರವನ್ನು ಯಾವ ಬಾಗಿಲಿನಿಂದ ಒಳಗೆ ತರಬೇಕು ಎಂದು ನನ್ನ ಕಪಾಟಿನ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಹೊಸದಾಗಿ ತೆರೆದಿದ್ದ ಕಾಲ ಅದು. ಕೊಡಿಗೇಹಳ್ಳಿಯಲ್ಲಿ ನಮ್ಮ ಮನೆಯಿಂದ ಎರಡು ತಿರುವು ಆಚೆ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಜಿಮ್ ಶುರುವಾಗಿತ್ತು. ಮೊದಲು ಅಲ್ಲಿ ಹೊಲಿಗೆ ತರಬೇತಿ ನಡೆಯುತ್ತಿತ್ತು. ಹೊಲಿಗೆಯವರು ಬಿಟ್ಟುಹೋದ ದೊಡ್ಡ ನಿಲುಗನ್ನಡಿಗಳನ್ನು ಹೊಸ ಮಾಲೀಕರು ಹಾಗೆಯೇ ಉಳಿಸಿಕೊಂಡು, ಗೋಡೆಗೆ ಒಂದು ಬೋರ್ಡು ಮಾತ್ರ ಹೊಸದಾಗಿ ಹಾಕಿಸಿದ್ದರು: "ಪೆಟ್ಟಾದರೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ." ಆಡಳಿತ ಮಂಡಳಿ ಎಂದರೆ ಅವರೊಬ್ಬರೇ. ದೇವಸ್ಥಾನದ ಮುಂದೆ ಚಪ್ಪಲಿಗೆ ಬರೆದಿಡುವ ಮಾತನ್ನು ಇಲ್ಲಿ ಮೂಳೆಗೆ ಬರೆದಿದ್ದಾರೆ ಎಂದು ನಾನು ಮೊದಲ ದಿನವೇ ಟೀಕೆ ಮಾಡಿದ್ದೆ. ಇಂಥ ಬೋರ್ಡುಗಳು ನಿರ್ಲಕ್ಷ್ಯವನ್ನು ಮುಚ್ಚುವುದಿಲ್ಲ ಎಂದು ಮೆಟ್ಟಿಲಿಳಿಯುತ್ತ ಹೆಂಡತಿಗೆ ವಿವರಿಸಿದೆ. ಅವಳು "ಮೆಟ್ಟಿಲು ನೋಡ್ಕೊಂಡು ಇಳೀರಿ" ಅಂದಳು.

ಜಿಮ್‌ಗೆ ಸೇರಿದ್ದು ಅವಳು. ಪ್ರೈಮರಿ ಶಾಲೆಯ ಟೀಚರ್ ಆಗಿ ನಿವೃತ್ತಳಾದ ಮೇಲೆ ಮಂಡಿ, ಸೊಂಟ ಒಂದೊಂದೇ ಹಾಜರಿ ಹಾಕತೊಡಗಿದ್ದವು. ಮೂಳೆ ಸವೆಯುತ್ತಿದೆ, ಸ್ವಲ್ಪ ಭಾರ ಎತ್ತಿ ಅಂತ ಡಾಕ್ಟರು ಹೇಳಿದರು. ಭಾರ ಎತ್ತುವುದಕ್ಕೆ ಹಣ ಕೊಟ್ಟು ಬೇರೆ ಕಡೆ ಹೋಗಬೇಕೆ, ಮನೆಯಲ್ಲೇ ಗ್ಯಾಸ್ ಸಿಲಿಂಡರ್ ಇದೆಯಲ್ಲ ಎಂದು ನಾನು ಸೂಚಿಸಿದೆ. ಸೂಚನೆ ತಿರಸ್ಕೃತವಾಯಿತು.

ಅಲ್ಲಿ ಅವಳಿಗೆ ಸಿಕ್ಕ ತರಬೇತುದಾರ ಯಲಹಂಕದ ಹಳೇ ಪೇಟೆಯ ಹುಡುಗ, ಇಪ್ಪತ್ತೈದು ದಾಟಿರಬಹುದು. ಅವನ ತಾತ ಅಲ್ಲಿನ ಗರಡಿಯಲ್ಲಿ ಉಸ್ತಾದ್ ಆಗಿದ್ದವರು. ಇವನೂ ಚಿಕ್ಕಂದಿನಲ್ಲಿ ಕೆಮ್ಮಣ್ಣಿನಲ್ಲಿ ಉರುಳಾಡಿದವನೇ. ಆಮೇಲೆ ಅದ್ಯಾವುದೋ ಕೋರ್ಸ್ ಮಾಡಿ, ಮೈಗಂಟುವ ಬನಿಯನ್ ಹಾಕಿ, ಪರ್ಸನಲ್ ಟ್ರೈನರ್ ಆಗಿದ್ದ. ತೋಳು ನನ್ನ ತೊಡೆಯಷ್ಟಿದ್ದರೂ ದನಿ ಮಾತ್ರ ಮಗುವಿನದು. "ಇನ್ನೊಂದೇ ಒಂದು ಅಮ್ಮ, ಲಾಸ್ಟು" ಎಂದು ಅವನು ಅನ್ನುವ ಪರಿಗೆ ಇವಳು ಕರಗಿ ಇನ್ನೂ ಎರಡು ಮಾಡಿಬಿಡುತ್ತಿದ್ದಳು. ಮದುವೆಯಾದಾಗಿನಿಂದ ನಾನು ಕೇಳಿದ ಎರಡನೇ ಲೋಟ ಕಾಫಿಗೆ ಇಂಥ ಸ್ಪಂದನ ಸಿಕ್ಕಿರಲಿಲ್ಲ.

ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ನಾನು ಕೋರ್ಟಿಗೆ ಹೊರಡುವಷ್ಟರಲ್ಲಿ ಅವನದೇ ಫೋನು. ಅಮ್ಮ ಬಿದ್ದಿದ್ದಾರೆ, ಹೆಬ್ಬಾಳದ ಮೂಳೆ ಡಾಕ್ಟರ ಹತ್ತಿರ ಇದ್ದೇವೆ ಎಂದ. ಹೋಗಿ ನೋಡಿದರೆ ಬಲ ಮಣಿಕಟ್ಟು ಮುರಿದಿತ್ತು. ಇವಳು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಅವನು ಗೋಡೆಗೆ ಹಣೆಯಿಟ್ಟು ನಿಂತಿದ್ದ. ಯಾರಿಗೆ ಪೆಟ್ಟಾಗಿದೆ ಎಂದು ಒಂದು ಕ್ಷಣ ನನಗೇ ಅನುಮಾನ ಬಂತು.

ನಡೆದದ್ದನ್ನು ಅವಳೇ ಹೇಳಿದಳು. ಅವಳು ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತು ಒಂದು ಕಾಲು ಎತ್ತುವ ಕಸರತ್ತು ಮಾಡುತ್ತಿದ್ದಳು. ಹಾಗೆ ಮಾಡುವಾಗ ಅವನು ಹಿಂದೆಯೇ ಕೈಚಾಚಿ ನಿಂತಿರುತ್ತಾನೆ. ಆದರೆ ಆ ವಾರ ಮಾಲೀಕರು ಅದೇ ಹೊತ್ತಿಗೆ ಅವನಿಗೆ ಇನ್ನೊಬ್ಬರನ್ನೂ ಒಪ್ಪಿಸಿದ್ದರು. ಆ ಇನ್ನೊಬ್ಬರು ಒಬ್ಬ ಕಂಟ್ರಾಕ್ಟರು. ಪಕ್ಕದಲ್ಲೇ ಬೆಂಚಿನ ಮೇಲೆ ಅಂಗಾತ ಮಲಗಿ ಕಬ್ಬಿಣದ ಕಂಬಿ ಎತ್ತುತ್ತಿದ್ದರು. ನಡುವೆ ಅವರ ಕೈ ನಡುಗತೊಡಗಿತು.

"ಅವನು ಓಡಿಹೋಗಿ ಹಿಡ್ಕೊಂಡ. ಇಲ್ದಿದ್ರೆ ಕಂಬಿ ಅವರ ಕುತ್ತಿಗೆ ಮೇಲೆ ಬೀಳೋದು" ಎಂದಳು.

"ಓಡೋಕೆ ಮುಂಚೆ ನಿನಗೆ ಇಳೀರಿ ಅಂತ ಹೇಳಿದ್ನಾ?" ಎಂದು ಕೇಳಿದೆ.

"ಕುತ್ತಿಗೆ ಮುರಿಯೋ ಹೊತ್ತಲ್ಲಿ ಯಾರ್ರೀ ಹೇಳ್ತಾ ಕೂರ್ತಾರೆ? ನಾನೇ ಇಳೀಬಹುದಿತ್ತು. ಆತುರ ಬಿದ್ದು ಇನ್ನೊಂದು ಎತ್ತೋಣ ಅಂದ್ಕೊಂಡೆ."

ಗೋಡೆಯ ಕಡೆಯಿಂದ ಅವನು, "ಇಲ್ಲ ಸಾರ್, ನಂದೇ ತಪ್ಪು. ಇಳೀರಿ ಅಮ್ಮ ಅಂತ ಒಂದ್ ಮಾತು ಹೇಳಿ ಓಡ್ಬೇಕಿತ್ತು" ಅಂದ.

ನನ್ನ ವೃತ್ತಿಜೀವನದಲ್ಲಿ ವಾದಿ ಪ್ರತಿವಾದಿಗಳು ತಪ್ಪಿಗಾಗಿ ಹೀಗೆ ಕಿತ್ತಾಡಿದ್ದನ್ನು ನಾನು ಕಂಡಿಲ್ಲ. ನನ್ನ ಮಟ್ಟಿಗೆ ವಿಷಯ ಸ್ಪಷ್ಟವಿತ್ತು. 'ಪರ್ಸನಲ್' ಎಂದು ಹೇಳಿ ಇಬ್ಬರನ್ನು ಒಬ್ಬನ ಕೈಗೆ ಕೊಟ್ಟದ್ದು ಸೇವಾ ನ್ಯೂನತೆ. ಗಿರಾಕಿಯನ್ನು ಚೆಂಡಿನ ಮೇಲೆ ಬಿಟ್ಟುಹೋದದ್ದು ನಿರ್ಲಕ್ಷ್ಯ. ಕೆಲಸದಲ್ಲಿದ್ದಾಗ ನೌಕರ ಮಾಡಿದ ತಪ್ಪಿಗೆ ಒಡೆಯನೂ ಹೊಣೆ. ಮಾಲೀಕರು ಒಂದನೇ ಪ್ರತಿವಾದಿ, ಇವನು ಎರಡನೆಯವನು. ಆ ಸಂಜೆಯೇ ನೋಟಿಸಿನ ಕರಡು ಬರೆಯಲು ಕೂತೆ. "ನಮ್ಮ ಕಕ್ಷಿದಾರಳು ಗೌರವಾನ್ವಿತ ಗೃಹಿಣಿಯಾಗಿದ್ದು" ಎಂಬಲ್ಲಿಗೆ ಬಂದಾಗ ಗೌರವಾನ್ವಿತ ಗೃಹಿಣಿ ಒಳಗಿನಿಂದ, "ಬಂದು ಸಾರಿಗೆ ಉಪ್ಪು ಹಾಕಿ, ನಂಗೆ ಡಬ್ಬಿ ಮುಚ್ಚಳ ತೆಗೆಯೋಕಾಗ್ತಿಲ್ಲ" ಎಂದು ಕರೆದಳು.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಎರಡನೇ ಪ್ರತಿವಾದಿ ನಿಂತಿದ್ದ. ಕೈಯಲ್ಲಿ ಸ್ಟೀಲ್ ಕ್ಯಾನಿನಲ್ಲಿ ಹಾಲು. ಬಾದಾಮಿ ನೆನೆಸಿ, ಸಿಪ್ಪೆ ಸುಲಿದು, ಅರೆದು ಹಾಕಿದ್ದ ಹಾಲು. ಪೈಲ್ವಾನರು ಕುಡಿಯುವಂಥದು. ನೇರವಾಗಿ ಅಡುಗೆಮನೆಗೆ ಹೋಗಿ, ಇವಳಿಗೆ ಒಂದು ಲೋಟ ಕೊಟ್ಟು, ಚಾಕು ಎಲ್ಲಿ ಎಂದು ಕೇಳಿದ. ಅವನು ಹೆಚ್ಚಿದ ಬೀನ್ಸು ಬೆರಳುದ್ದ ಇದ್ದವು. ಪಲ್ಯ ಆದ ಮೇಲೆ ಅದನ್ನು ತಿನ್ನಲು ಊಟಕ್ಕಿಂತ ಸೌದೆ ಒಡೆಯುವ ಅನುಭವ ಹೆಚ್ಚು ಬೇಕಿತ್ತು. ಆದರೂ ದಿನಾ ಬಂದ. ಪಾತ್ರೆ ಬೆಳಗಿದ, ಸಿಲಿಂಡರ್ ಬದಲಿಸಿದ, ಇವಳ ಕೈ ಕೆಳಗೆ ದಿಂಬು ಸರಿಮಾಡಿದ. ನಾನು ಮುಂದಿನ ಕೋಣೆಯಲ್ಲಿ ಅವನ ವಿರುದ್ಧ ಬರೆಯುತ್ತ, ಅವನು ಬೆರೆಸಿದ ಕಾಫಿ ಕುಡಿಯುತ್ತಿದ್ದೆ. ನ್ಯಾಯಾಂಗದ ಘನತೆಗೆ ಇದರಿಂದ ಕುಂದು ಬಂದಿರಬಹುದು. ಕಾಫಿ ಚೆನ್ನಾಗಿತ್ತು.

ನಾಲ್ಕೈದು ದಿನವಾದ ಮೇಲೆ ಕೇಳಿದೆ, "ಅಲ್ಲಪ್ಪಾ, ಈ ಹೊತ್ತಲ್ಲಿ ನೀನು ಜಿಮ್ಮಲ್ಲಿ ಇರ್ಬೇಕಲ್ವಾ?"

"ಹೋಗ್ತಿಲ್ಲ ಸಾರ್."

"ರಜಾನಾ?"

"ರಜಾ ಅಲ್ಲ. ತಾತನ ಗರಡೀಲಿ ಒಂದ್ ಪದ್ಧತಿ ಇತ್ತು ಸಾರ್. ಉಸ್ತಾದ್ ಕಣ್ಣಮುಂದೆ ಯಾವನಾದ್ರೂ ಪೆಟ್ಟು ಮಾಡ್ಕೊಂಡ್ರೆ, ಅವನು ತಿರ್ಗಾ ಮಣ್ಣಿಗೆ ಇಳಿಯೋ ತನಕ ಉಸ್ತಾದ್ ಬೇರೆ ಯಾರಿಗೂ ಪಟ್ಟು ಹೇಳ್ಕೊಡಂಗಿಲ್ಲ. ಅವನ ಮನೆಗೆ ಹೋಗಿ ಸೇವೆ ಮಾಡ್ಬೇಕು. ತಾತ ಒಂದ್ಸಲ ಮಳೆಗಾಲ ಪೂರ್ತಿ ಒಬ್ರ ಎಮ್ಮೆ ಮೇಯಿಸಿದ್ರಂತೆ."

"ಇದನ್ನ ಮಾಲೀಕರಿಗೆ ಹೇಳಿದ್ದೀಯಾ?"

"ಹೇಳ್ದೆ. ಅಮ್ಮ ವಾಪಸ್ ಬರೋವರ್ಗೂ ಯಾರ್ಗೂ ಟ್ರೈನಿಂಗ್ ಕೊಡಲ್ಲ, ತಪ್ಪು ನಂದು ಅಂತ."

ಕಾಫಿ ಲೋಟ ಕೆಳಗಿಟ್ಟೆ. "ಕಾನೂನಲ್ಲಿ ಇದನ್ನ ತಪ್ಪೊಪ್ಪಿಗೆ ಅಂತಾರೆ, ಗೊತ್ತಾ? ನಿನ್ನ ಕೈಯಾರೆ ನಿನ್ನ ಕುತ್ತಿಗೆ ಕೊಯ್ಕೊಂಡ ಹಾಗೆ."

ಅವನು ನಿಜವಾಗಿಯೂ ತಿಳಿಯದೆ ಕೇಳಿದ: "ತಪ್ಪು ಮಾಡಿದ್ಮೇಲೆ ಒಪ್ಕೊಳ್ಳೋದು ಒಳ್ಳೇದಲ್ವಾ ಸಾರ್?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಆದರೆ ಇವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕೋರ್ಟಿಗೆ ಹೊತ್ತಾಯಿತು ಎಂದು ಎದ್ದೆ.

ಶನಿವಾರ ಮಧ್ಯಾಹ್ನ ಒಂದನೇ ಪ್ರತಿವಾದಿಯೂ ಬಂದರು. ಜಕ್ಕೂರಿನ ಹಳೇ ಊರಿನವರು. ಅವರ ಮನೆಯ ಪಾಲುಪತ್ರ ಬರೆದುಕೊಟ್ಟವನು ನಾನೇ. ಸೇಬಿನ ಚೀಲ ಟೀಪಾಯಿಯ ಮೇಲಿಟ್ಟು, ಕುರ್ಚಿಯ ತುದಿಯಲ್ಲಿ ಕೂತರು.

"ಏನೋ ಇಂಗಾಗೋಯ್ತು ಸಾರ್. ನೀವು ನೋಟಿಸ್ ಕೊಡ್ತೀರ ಅಂತ ಕೇಳ್ಪಟ್ಟೆ. ಕೊಡಿ, ಬ್ಯಾಡ ಅನ್ನಲ್ಲ. ಆದ್ರೆ ಅದಕ್ಕೆ ಉತ್ತರ ಯಾರತ್ರ ಬರೆಸ್ಲಿ? ನಂಗೊತ್ತಿರೋ ಲಾಯರ್ರು ನೀವೊಬ್ರೇ."

ನನ್ನ ನೋಟಿಸಿಗೆ ನಾನೇ ಉತ್ತರ ಬರೆಯುವುದು ವಕೀಲಿ ಧರ್ಮಕ್ಕೆ ವಿರುದ್ಧ ಎಂದು ವಿವರಿಸಿದೆ. ಅವರು ನಿಟ್ಟುಸಿರಿಟ್ಟರು. ಬಳಿಕ ಅಡುಗೆಮನೆಯ ಕಡೆ ನೋಡಿ ದನಿ ಎತ್ತರಿಸಿದರು.

"ಇವನ್ ನೋಡಿ. ತಪ್ಪು ನಂದು, ತಪ್ಪು ನಂದು ಅಂತ ಊರೆಲ್ಲ ಸಾರ್ಕೊಂಡ್ ಬಂದವ್ನೆ. ಗಿರಾಕಿಗಳು ನನ್ನ ಕೇಳ್ತಾರೆ, ಏನಯ್ಯಾ, ನಿನ್ ಜಿಮ್ಮಲ್ಲಿ ಕೈಕಾಲು ಮುರೀತಾರಂತೆ ಅಂತ. ಅದರ ಮ್ಯಾಲೆ ಕೆಲಸಕ್ಕೂ ಬರಲ್ಲ. ಸೋಮವಾರ ಬೆಳಿಗ್ಗೆ ಬಂದು ಗಿರಾಕಿ ಹಿಡಿದ್ರೆ ಸರಿ. ಇಲ್ಲಾಂದ್ರೆ ಗೊರಗುಂಟೆಪಾಳ್ಯದಿಂದ ಒಬ್ಬ ಬರ್ತೀನಿ ಅಂದವ್ನೆ, ಅವನ್ನ ಇಟ್ಕೋತೀನಿ."

ಅವನು ಒಳಗಿನಿಂದ ತೇವದ ಕೈ ಒರೆಸಿಕೊಳ್ಳುತ್ತ ಬಂದ. "ಅಮ್ಮನ ಕೈ ವಾಸಿಯಾಗ್ಲಿ ಅಣ್ಣ. ಆಮೇಲೆ ಬರ್ತೀನಿ."

"ಅಷ್ಟೊತ್ತಿಗೆ ನಿನ್ ಜಾಗ ಇರಲ್ಲ ಕಣೋ."

"ಇರದಿದ್ರೆ ಇಲ್ಲ ಅಣ್ಣ. ತಾತಂಗೆ ಏನಂತ ಹೇಳ್ಲಿ?"

ತಾತ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮಾಲೀಕರಿಗೂ ಅದು ಗೊತ್ತಿತ್ತು. ಅವರು ಎದ್ದು ಹೋದರು.

ಆ ರಾತ್ರಿ ಊಟಕ್ಕೆ ಕೂತಾಗ ಇವಳು ಎಡಗೈಯಲ್ಲಿ ಚಮಚ ಹಿಡಿದು ಅನ್ನವನ್ನು ತಟ್ಟೆಯ ಸುತ್ತ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಆ ಹುಡುಗನ ಮನೆಗೆ ಅವನೊಬ್ಬನ ಸಂಬಳವೇ ಆಧಾರ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ತಂಗಿ ಕಾಲೇಜಿನಲ್ಲಿದ್ದಳು. ತಂದೆಗೆ ಕೆಲಸವಿರಲಿಲ್ಲ.

"ನೀವು ಹೇಳಿದ್ರೆ ಹೋಗ್ತಾನೇನೋ" ಅಂದಳು.

"ಹೇಳಿ ನೋಡ್ದೆ. ಕಾನೂನು ಹೇಳ್ದೆ, ಲೋಕ ಹೇಳ್ದೆ. ಗರಡಿ ಪದ್ಧತಿಗೆ ಅಪೀಲು ಇಲ್ವಂತೆ."

ಚಮಚ ಕೆಳಗಿಟ್ಟು ಕೇಳಿದಳು, "ಪೆಟ್ಟಾದವರು ಮಣ್ಣಿಗೆ ಇಳಿಯೋ ತನಕ ಅಂದ್ನಲ್ವಾ? ವಾಸಿಯಾಗೋ ತನಕ ಅಂತ ಪದ್ಧತೀಲಿ ಇಲ್ವಲ್ಲ?"

"ಏನರ್ಥ?"

"ಪ್ಲಾಸ್ಟರ್ ಹಾಕಿರೋದು ಕೈಗೆ. ಕಾಲಿಗೇನಾಗಿದೆ?"

ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ಪದ ಬಿಡಿಸಿ ಓದುವುದರಲ್ಲಿ ಹೈಕೋರ್ಟಿಗೆ ಕಡಿಮೆಯಿರಲಿಲ್ಲ. ಆದರೂ ನಾನು ವಕೀಲನಾಗಿ ನನ್ನ ಕರ್ತವ್ಯ ಮಾಡಿದೆ. ಮುರಿದ ಕೈಯಲ್ಲಿ ನೀನಾಗಿಯೇ ಅದೇ ಜಾಗಕ್ಕೆ, ಅದೇ ಮನುಷ್ಯನ ಹತ್ತಿರ ಮತ್ತೆ ಹೋದರೆ ಅಪಾಯವನ್ನು ತಿಳಿದೂ ಒಪ್ಪಿಕೊಂಡಂತಾಗುತ್ತದೆ, ಅವನ ಮೇಲೆ ನಂಬಿಕೆಯಿದೆ ಎಂದು ನೀನೇ ಸಾಕ್ಷಿ ಹೇಳಿದಂತಾಗುತ್ತದೆ, ಅಲ್ಲಿಗೆ ನಮ್ಮ ಕೇಸು ಸತ್ತಿತು ಎಂದೆ.

"ನಂಬಿಕೆ ಇದೆಯಲ್ರೀ. ನಿಮ್ಮ ಕೇಸು ನಿಮ್ಮ ಹತ್ರಾನೇ ಇಟ್ಕೊಳ್ಳಿ. ನಾಳೆ ಡಾಕ್ಟರಿಗೆ ಫೋನ್ ಮಾಡಿ, ಕಾಲಿನ ವ್ಯಾಯಾಮ ಮಾಡಬಹುದಾ ಕೇಳಿ."

ಡಾಕ್ಟರು ಯಾರಾದರೂ ಪಕ್ಕದಲ್ಲಿ ನಿಂತಿದ್ದರೆ ಮಾಡಬಹುದು ಎಂದರು. ನನ್ನ ಕೊನೆಯ ತಕರಾರೂ ವಜಾ ಆಯಿತು.

ಸೋಮವಾರ ಬೆಳಿಗ್ಗೆ ಅವನು ಎಂದಿನಂತೆ ಹಾಲಿನ ಕ್ಯಾನು ಹಿಡಿದು ಬಂದಾಗ, ಇವಳು ಕೊರಳಿಗೆ ಕೈ ಕಟ್ಟಿಕೊಂಡು, ಕ್ಯಾನ್ವಾಸ್ ಶೂ ಹಾಕಿ ಸಿದ್ಧವಾಗಿದ್ದಳು. ಶೂ ಲೇಸು ಕಟ್ಟಿದವನು ನಾನು. "ನಡಿಯಪ್ಪಾ" ಎಂದಳು. ಅವನು ನನ್ನ ಮುಖ ನೋಡಿದ. ನಾನು ಮುಖವನ್ನು ಯಾರ ಪರವೂ ಅಲ್ಲದಂತೆ ಇಟ್ಟುಕೊಂಡೆ.

ಮಹಡಿಯ ಮೇಲೆ ಕಂಟ್ರಾಕ್ಟರು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಮಾಲೀಕರು ಪ್ಲಾಸ್ಟರ್ ಕಂಡೊಡನೆ ಕುರ್ಚಿಯಿಂದ ಎದ್ದರು.

"ಅಮ್ಮಾ, ಬ್ಯಾಡ. ಇರೋ ಇನ್ನೊಂದು ಕೈಗೇನಾದ್ರೂ ಆದ್ರೆ ನಾನೆಲ್ಲೋಗ್ಲಿ? ಸಾರ್, ನೀವಾದ್ರೂ ಯೋಳಿ."

"ಬೋರ್ಡ್ ಹಾಕಿದ್ದೀರಲ್ಲ, ಆಡಳಿತ ಮಂಡಳಿ ಜವಾಬ್ದಾರಿಯಲ್ಲ ಅಂತ. ಧೈರ್ಯವಾಗಿರಿ" ಎಂದೆ. ಆ ಬೋರ್ಡಿಗೆ ನಾನು ಕೊಟ್ಟ ಏಕೈಕ ಮನ್ನಣೆ ಅದು.

ಇವಳು ಮಾಲೀಕರ ಕಡೆ ತಿರುಗಿದಳು. ಶಾಲೆಯ ದನಿ ಹೊರಬಂತು. "ನಾನು ನಿಮ್ಮ ಮೇಲೆ ದೂರು ಕೊಡಲ್ಲ. ಆದ್ರೆ ಇವನ ಕೈಗೆ ಒಂದು ಹೊತ್ತಿಗೆ ಒಬ್ರನ್ನೇ ಕೊಡಿ. ಒಂದೇ ಸಲ ಇಬ್ರನ್ನ ಹಿಡ್ಕೊಳ್ಳೋಕೆ ಅವನೇನು ದೇವ್ರಾ? ಅವತ್ತು ಕುತ್ತಿಗೆ ಉಳಿಸ್ದ, ಕೈ ಹೋಯ್ತು. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ."

ಕಂಟ್ರಾಕ್ಟರು ಎರಡೂ ಕೈಯಿಂದ ತಮ್ಮ ಕುತ್ತಿಗೆ ಮುಟ್ಟಿ ನೋಡಿಕೊಂಡು, "ಅಮ್ಮ ಹೇಳೋದು ಸರೀನೇ. ನಾನು ಎಂಟು ಗಂಟೆಗೆ ಬರ್ತೀನಿ ಬಿಡಿ" ಎಂದು ಎದ್ದರು. ಮಾಲೀಕರು ನನ್ನತ್ತ ನೋಡಿದರು. ತಮ್ಮ ವಕೀಲನ ಸಲಹೆಗಾಗಿ ಕಾಯುವ ಕಕ್ಷಿದಾರನ ನೋಟ ಅದು. ಒಪ್ಪಿಕೊಳ್ಳಿ ಎಂದು ತಲೆಯಾಡಿಸಿದೆ. ಫೀಜು ಕೇಳಲಿಲ್ಲ.

ಇವಳು ಗೋಡೆಯ ಸರಳನ್ನು ಎಡಗೈಯಲ್ಲಿ ಹಿಡಿದು ಬಸ್ಕಿ ಹೊಡೆಯಲು ನಿಂತಳು. ತನ್ನ ಸೇವಾವಧಿಯಲ್ಲಿ ಕೊಡಿಗೇಹಳ್ಳಿಯ ಅರ್ಧ ಊರಿಗೆ ಬಸ್ಕಿ ಹೊಡೆಸಿದವಳು. ಅವನು ಅವಳ ಎರಡೂ ಪಕ್ಕಕ್ಕೆ ಕೈ ಚಾಚಿ, ಮುಟ್ಟದೆ, ತುಂಬಿದ ಕೊಡವನ್ನು ಕಾಯುವವನಂತೆ ಅವಳ ಜೊತೆಗೇ ಬಗ್ಗಿ, ಅವಳ ಜೊತೆಗೇ ಎದ್ದ. "ಇನ್ನೊಂದು" ಎಂದು ಅವನು ಅನ್ನಲಿಲ್ಲ. ಅವಳೇ ಎರಡು ಸಲ ಅಂದಳು. ಸಾಕು ಎಂದು ಅವಳು ಕುರ್ಚಿಯಲ್ಲಿ ಕೂತ ಮೇಲೆ ಅವನು ಬಗ್ಗಿ ರಬ್ಬರ್ ಹಾಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಕೆಮ್ಮಣ್ಣಿಗೆ ಮಾಡುವ ನಮಸ್ಕಾರ ಅದು. ಕಣ್ಣು ತುಂಬಿದ್ದನ್ನು ಟವೆಲಿನಲ್ಲಿ ಬೆವರೆಂದು ಒರೆಸಿಕೊಂಡ. ನಾನೂ ಕನ್ನಡಕ ಒರೆಸಿದೆ, ಧೂಳಿತ್ತು.

ಆ ದಿನ ಎಂಟು ಗಂಟೆಗೆ ಅವನು ಕಂಟ್ರಾಕ್ಟರಿಗೆ ತರಬೇತಿ ಕೊಟ್ಟ. ಗೊರಗುಂಟೆಪಾಳ್ಯದವನಿಗೆ ಬರಬೇಡ ಎಂದು ಮಾಲೀಕರು ಫೋನ್ ಮಾಡಿದರು. ನೋಟಿಸು ಹೋಗಲಿಲ್ಲ. ಇವಳ ಪ್ಲಾಸ್ಟರನ್ನು ಮುಂದಿನ ತಿಂಗಳು ತೆಗೆದರು. ಅವನು ಅದೇ ಜಿಮ್ಮಿನಲ್ಲಿ ಕೆಲಸದಲ್ಲಿ ಉಳಿದ.