ದೊಡ್ಡವ್ವನ ದನಿಯ ಹಿಂದೆ

ಗಂಗಾವತಿಯ ತಂಗಿಯ ಮನೆಯಲ್ಲಿ ಅಕ್ಕಿ ಚೀಲ ಒಟ್ಟಿದ್ದ ಕೋಣೆಯೊಳಗೆ ನಾನು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತಿದ್ದೆ. ಹೊರಗೆ ಅವಳ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಕುಷ್ಟಗಿಯ ಬೀಗರು ಆಗಲೇ ಬಂದು ಕೂತಿದ್ದರು. ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಬಾಗಿಲಿಗೆ ಅಡ್ಡ ಬಾಳೆಎಲೆಯ ಹೊರೆ, ಹೊರೆಯ ಆಚೆ ತಂಗಿ.

"ಅಣ್ಣಾ, ಒಂದು ಹಾಡು ಪೆನ್ ಡ್ರೈವಿಗೆ ಹಾಕಾಕ ಇಷ್ಟೊತ್ತೇನೋ?"

"ಹಾಕಾಕತ್ತೀನವ್ವ."

"ಮುಂಜಾನಿಂದ ಹಾಕಾಕತ್ತಿ. ಕೂಸು ಎದ್ದು ನಡದಾಡೂದ್ರೊಳಗ ಮುಗಿಸು."

ಆ ಹಾಡು ದೊಡ್ಡವ್ವನದು. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ, ಯಲಬುರ್ಗಾದಾಕಿ. ಅವಳ ಹಾಡಿಲ್ಲದೆ ನಮ್ಮ ಬಳಗದ ಒಂದು ಕೂಸೂ ತೊಟ್ಟಿಲು ಹತ್ತಿದ್ದಿಲ್ಲ. ಈಗ ಅವಳ ಗಂಟಲು ಹೋಗಿದೆ. ಮಾತಾಡಿದರೆ ಒಣ ಶೇಂಗಾಕಾಯಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಅದಕ್ಕೇ ತಂಗಿ ಹಳೆಯ ರೆಕಾರ್ಡಿಂಗ್ ಹಚ್ಚಬೇಕೆಂದು ಹಟ ಹಿಡಿದಿದ್ದಳು. ತಂಗಿಯ ಮಗಳು ಕೂಸಾಗಿದ್ದಾಗ ಕಿನ್ನಾಳದ ನಮ್ಮ ಮನೆಯಲ್ಲಿ ತೊಟ್ಟಿಲ ಕಾರ್ಯವಾಗಿತ್ತು. ಅವತ್ತು ದೊಡ್ಡವ್ವ ಹಾಡಿದ್ದನ್ನು ವಿಡಿಯೋದವನು ಎಂಪಿ3 ಮಾಡಿ ಸಿಡಿಯಲ್ಲಿ ಕೊಟ್ಟಿದ್ದ. ಆ ಕೂಸೇ ಇವತ್ತಿನ ಬಾಣಂತಿ.

ಆ ಹಾಡಿನಲ್ಲಿ ಇನ್ನೊಂದು ದನಿ ಇದೆ, ನಮ್ಮ ಅವ್ವನದು. ತೊಟ್ಟಿಲ ಹಾಡಿಗೆ ನಮ್ಮಲ್ಲೊಂದು ಪದ್ಧತಿ: ಮುಂದಾಕಿ ಒಂದು ನುಡಿ ಹೇಳಿದರೆ ಹಿಂದಾಕಿ ಅದನ್ನು ಹಿಡಿದು ತಿರುಗಿ ಹೇಳಬೇಕು. ನುಡಿ ನೆಲಕ್ಕೆ ಬೀಳಬಾರದು, ಬಿದ್ದರೆ ಕೂಸಿಗೆ ಛಲೋ ಅಲ್ಲ. ಅವ್ವ ಜೀವಮಾನವಿಡೀ ಹಿಂದಾಕಿ. ಆದರೆ ದೊಡ್ಡವ್ವ ಸರದಿ ಬಿಟ್ಟುಕೊಡುವ ಪೈಕಿ ಅಲ್ಲ. ಅವ್ವ ನುಡಿ ಹಿಡಿದಾಗಲೂ ಅದರ ಮೇಲೆ ತಾನೇ ಗಟ್ಟಿಯಾಗಿ ಹಾಡುವಳು. ಹೀಗಾಗಿ ಅವ್ವನ ದನಿ ಕೌದಿಯ ಒಳಪದರದ ಹಳೇ ಸೀರೆಯಂತೆ, ಇದೆ ಎಂದು ಗೊತ್ತಿದ್ದವರಿಗಷ್ಟೇ ಇದೆ. ಅವ್ವ ಹೋಗಿ ಬಹಳ ವರ್ಷವಾಯಿತು. ಅವತ್ತಿನ ವಿಡಿಯೋ ಕ್ಯಾಸೆಟ್ಟೂ ಬೂಷ್ಟು ಹಿಡಿದು ಹೋಗಿದೆ, ಅವಳ ದನಿ ಬೇರೆಲ್ಲೂ ಉಳಿದಿಲ್ಲ.

ಇಲ್ಲಿ ಉಳಿದಿದೆ ಎಂಬುದೂ ನನ್ನೊಬ್ಬನದೇ ಮಾತು. ಒಮ್ಮೆ ತಂಗಿಗೆ ಕೇಳಿಸಿದೆ. "ಅಣ್ಣಾ, ಅದು ತೊಟ್ಟಿಲ ಸರಪಳಿ ಸಪ್ಪಳ" ಅಂದಳು. ಹೆಂಡತಿಯಂತೂ ಇನ್ನೂ ಮುಂದೆ ಹೋದಳು: "ಫ್ಯಾನ್ ಬಂದ್ ಮಾಡಿ ಕೇಳ್ರಿ, ನಿಮ್ಮವ್ವಾರು ಎದ್ದು ಹೋಗ್ತಾರ." ಅವತ್ತಿನಿಂದ ನಾನು ಯಾರಿಗೂ ಕೇಳಿಸಿಲ್ಲ.

ಇನ್ನು ನನ್ನ ಶಾಣ್ಯಾತನದ ಕತೆ. ಆಗ ನಾನು ಕೊಪ್ಪಳದಲ್ಲಿ ಸರ್ಕಾರಿ ನೌಕರಿಗೆ ಹೊಸಬ. ಎಂಪಿ3ಗೆ ಪೇಟೆಂಟ್ ಇದೆ ಎಂದು ಎಲ್ಲೋ ಓದಿದೆ. ಅದು ಕಂಪನಿ ಕಂಪನಿಗಳ ನಡುವಿನ ತಕರಾರು, ಮನೆಯಲ್ಲಿ ಹಾಡು ಕೇಳುವವರಿಗೆ ಸಂಬಂಧವಿಲ್ಲ ಎಂದು ಅದೇ ಪುಟದ ಕೆಳಗೆ ಬರೆದಿತ್ತು. ಆದರೆ ಸರ್ಕಾರಿ ನೌಕರ ಪುಟದ ಕೆಳಗೆ ಬರೆದದ್ದನ್ನು ನಂಬುವುದಿಲ್ಲ. ಪರದೇಶದಿಂದ ನೋಟಿಸು ಬಂದಂತೆ, ಟಪಾಲಿನವನು ಅದನ್ನು ನೆಟ್ಟಗೆ ಸಾಹೇಬರ ಕೈಗೇ ಕೊಟ್ಟಂತೆ, ನನ್ನ ಮೇಲೆ ಇಲಾಖಾ ವಿಚಾರಣೆ ನಡೆದಂತೆ ಎಲ್ಲ ಕಣ್ಣಿಗೆ ಕಟ್ಟಿತು. ಒಂದು ರವಿವಾರ ಕೂತು ಇದ್ದಬದ್ದ ಹಾಡನ್ನೆಲ್ಲ, ಯಾರ ಹಕ್ಕಿನ ಗೋಜೂ ಇಲ್ಲದ ಓಜಿಜಿ ಎಂಬ ಇನ್ನೊಂದು ನಮೂನೆಗೆ ಬದಲಿಸಿದೆ. ಎಂಪಿ3ಗಳನ್ನು ಅಳಿಸಿದೆ. ನೆಮ್ಮದಿಯಾಗಿ ಮಲಗಿದೆ.

ಆ ನೆಮ್ಮದಿ ಮುಂದಿನ ಓದಿನವರೆಗಷ್ಟೇ. ಎಂಪಿ3 ಇರಲಿ ಓಜಿಜಿ ಇರಲಿ, ಎರಡೂ ಹಾಡನ್ನು ಹಿಂಡಿ ಸಣ್ಣದು ಮಾಡುವ ಪದ್ಧತಿಗಳೇ. ದೊಡ್ಡ ದನಿಯ ಮಗ್ಗಲಿಗೆ ಸಣ್ಣ ದನಿ ಇದ್ದರೆ, ಅದು ಹೇಗೂ ಕಿವಿಗೆ ಕೇಳದು ಎಂದು ಕಿತ್ತು ಒಗೆಯುತ್ತವೆ. ಒಗೆದದ್ದು ತಿರುಗಿ ಬರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಿಸಿದಾಗಲೆಲ್ಲ ಮತ್ತಷ್ಟು ಹೋಗುತ್ತದೆ. ನಮ್ಮ ಮನೆಯ ನಡಾವಳಿಯನ್ನೇ ಯಾರೋ ಕಂಪ್ಯೂಟರಿಗೆ ಕಲಿಸಿದಂತಿತ್ತು. ಓಡಿಹೋಗಿ ಸಿಡಿ ತೆಗೆದರೆ ಅದರ ಬೆನ್ನ ಮೇಲಿನ ಬೆಳ್ಳಿ ಬಣ್ಣ ಹಪ್ಪಳದಂತೆ ಎದ್ದಿತ್ತು, ಸಿಡಿ ಓಡಲಿಲ್ಲ. ಮುಂದೆ ಕೆಲವು ವರ್ಷಕ್ಕೆ ಪೇಟೆಂಟಿನ ಅವಧಿ ಮುಗಿಯಿತೆಂದು ಸುದ್ದಿ ಬಂತು. ಯಾರೂ ನನಗೆ ನೋಟಿಸು ಕಳಿಸಲಿಲ್ಲ. ಕಳಿಸಿದ್ದರೆ ನಾನು ಮಾಡಿದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು.

ಈಗ ನನ್ನ ಹತ್ತಿರ ಇದ್ದದ್ದು ಆ ಓಜಿಜಿ ಒಂದೇ. ಶಾಮಿಯಾನದವನು ತಂದ ಸೌಂಡ್ ಬಾಕ್ಸ್ ಅದನ್ನು ಮೂಸಿಯೂ ನೋಡಲಿಲ್ಲ.

"ಸರ, ಇದು ಎಂಪಿತ್ರೀ ಬಿಟ್ಟು ಬ್ಯಾರೆ ಏನೂ ತಿನ್ನಂಗಿಲ್ರಿ" ಅಂದ.

"ವೈರ್ ಹಚ್ಚಿದ್ರ?"

"ವೈರಿನ ತೂತು ಹ್ವಾದ ಲಗ್ನದಾಗ ಮುರದೈತ್ರಿ."

"ಬ್ಲೂಟೂತ್?"

"ಅದು ಐತ್ರಿ. ಕುಷ್ಟಗಿಯವ್ರ ಫೋನು ಹತ್ತಿ ಕುಂತೈತಿ, ಬಿಡವಲ್ದು."

ಬಿಟ್ಟಿದ್ದರೂ ನನಗೆ ಧೈರ್ಯವಿರಲಿಲ್ಲ. ಬ್ಲೂಟೂತ್ ಕೂಡ ದಾರಿಯಲ್ಲಿ ಹಾಡನ್ನು ಇನ್ನೊಮ್ಮೆ ಹಿಂಡುತ್ತದೆ ಎಂದು ಓದಿದ್ದೆ. ನಾನು ಯಾಕಾದರೂ ಓದುತ್ತೇನೋ.

ಹೀಗೆ ಕೋಣೆ ಸೇರಿದ್ದೆ. ಬಿಟ್‌ರೇಟನ್ನು ಏರುವಷ್ಟು ಏರಿಸಿ, ಅಂದರೆ ಹಿಂಡುವುದನ್ನು ಆದಷ್ಟು ಕಡಿಮೆ ಮಾಡಿ, ಎಂಪಿ3 ಮಾಡಿದೆ. ತೂತು ಬಿದ್ದ ಅಂಗಿಯನ್ನು ದೊಡ್ಡ ಟ್ರಂಕಿನಲ್ಲಿಟ್ಟರೆ ತೂತು ಮುಚ್ಚೀತೆ? ಹೆಡ್‌ಫೋನ್ ಹಾಕಿಕೊಂಡು ಓಜಿಜಿ ಕೇಳಿದೆ, ಎಂಪಿ3 ಕೇಳಿದೆ. ಒಮ್ಮೆ ಅವ್ವ ಎರಡರಲ್ಲೂ ಇದ್ದಳು, ಇನ್ನೊಮ್ಮೆ ಎರಡರಲ್ಲೂ ಇರಲಿಲ್ಲ. ಓಜಿಜಿ ಎಲ್ಲಿಗೂ ಹೋಗುವುದಿಲ್ಲ, ನಿಜ. ಆದರೆ ಮರಿಮೊಮ್ಮಗಳ ತೊಟ್ಟಿಲ ಮುಂದೆ ಅವ್ವ ಹಾಡುವುದು ಇವತ್ತೊಂದೇ ದಿನ. ಇವತ್ತು ಬಾಕ್ಸಿನಿಂದ ದೊಡ್ಡವ್ವ ಒಬ್ಬಳೇ ಬಂದರೆ, ಅವ್ವ ಇದ್ದಳೆಂಬುದಕ್ಕೆ ನಾನಾದರೂ ಏನು ಹೇಳಲಿ? ಇದನ್ನು ತಂಗಿಗೆ ಬಿಡಿಸಿ ಹೇಳುವಂತಿರಲಿಲ್ಲ. ದೊಡ್ಡವ್ವ ಹೊರಗೇ ಕೂತಿದ್ದಳು. ನಿನ್ನ ದನಿ ಅವ್ವನ ದನಿಯನ್ನು ನುಂಗುತ್ತದೆ ಎಂದು ಅವಳೆದುರು ಯಾವ ಬಾಯಿಂದ ಅನ್ನುವುದು?

ಅಷ್ಟರಲ್ಲಿ ಬಾಳೆಎಲೆಯ ಹೊರೆ ಸರಿಯಿತು. ದೊಡ್ಡವ್ವನೇ ಒಳಗೆ ಬಂದು ಅಕ್ಕಿ ಚೀಲದ ಮೇಲೆ ಕೂತಳು.

"ಏನಾಗೈತ್ಯೋ ನನ್ನ ಹಾಡಿಗೆ?"

"ಏನಿಲ್ಲ ದೊಡ್ಡವ್ವ. ಬದಲಿ ಮಾಡಾಕತ್ತೀನಿ."

"ಏನ ಬದಲಿ ಮಾಡ್ತಿ? ನಾ ಹಾಡಿದ್ದು ನಿನಗ ಸೇರಲಿಲ್ಲೇನು?"

"ಹಂಗಲ್ಲ..."

"ತಾ ಇಲ್ಲಿ, ಕೇಳ್ತೀನಿ."

ಸೆರಗಿನ ಮೇಲೆಯೇ ಹೆಡ್‌ಫೋನ್ ಹಾಕಿದೆ. ಕೈಗೆ ಸಿಕ್ಕ ಫೈಲು ಒತ್ತಿದೆ. ದೊಡ್ಡವ್ವ ತನ್ನ ದನಿಗೆ ತಾನೇ ತಲೆದೂಗಿದಳು, ತೊಡೆಯ ಮೇಲೆ ತಾಳ ಹಾಕಿದಳು. ಸ್ವಲ್ಪ ಹೊತ್ತಿಗೆ ಆ ಕೈ ನಿಂತಿತು.

"ಅಕಿ ಎಲ್ಲಿ?"

"ಯಾರು?"

"ನಿಮ್ಮವ್ವೋ. ನನ್ನ ಮಗ್ಗಲದಾಗ ಕುಂತಿದ್ಲಲ್ಲ."

ದನಿ ಏರಿಸಲು ಹೋದೆ. ಅವಳು ನನ್ನ ಕೈ ಹಿಡಿದು, "ಸುಮ್ನಿರು" ಎಂದು ಕಣ್ಣು ಮುಚ್ಚಿದಳು. ಹೊರಗೆ ತಂಗಿ ಪೆನ್ ಡ್ರೈವಿಗಾಗಿ ಒದರುತ್ತಿದ್ದಳು. ದೊಡ್ಡವ್ವನ ತುಟಿಗಳು ಅಲ್ಲಾಡತೊಡಗಿದವು. ಅದು ಮುಂದಾಕಿ ಹಾಡುವ ರೀತಿಯಾಗಿರಲಿಲ್ಲ. ಪ್ರತಿ ನುಡಿಗೂ ಒಂದಿಷ್ಟು ಕಾದು, ತುಸು ತಡವಾಗಿ. ಅವ್ವ ಯಾವಾಗಲೂ ಹಾಗೇ, ತುಸು ತಡ.

"ಅದಾಳ" ಅಂದಳು. ಆಮೇಲೆ, "ನಾ ಅಕಿಗೆ ಹಾಡಾಕ ಬಿಡಲೇ ಇಲ್ಲ ನೋಡು."

"ಹಂಗೇನಿಲ್ಲ ಬಿಡು, ದೊಡ್ಡವ್ವ."

"ಸುಳ್ಳು ಹೇಳಬ್ಯಾಡ. ಕೇಳಾಕತ್ತೀನಲ್ಲ."

ಪರದೆ ನೋಡಿದೆ. ಓಡುತ್ತಿದ್ದದ್ದು ಹೊಸ ಎಂಪಿ3. ಹಿಂಡಿದ್ದನ್ನು ಮತ್ತೆ ಮತ್ತೆ ಹಿಂಡಿ, ಈಗತಾನೇ ಕೆಡಿಸಿಟ್ಟದ್ದು. ಹಾಗಾದರೆ ಅವ್ವ ಅದರಲ್ಲೂ ಉಳಿದಿದ್ದಳೇ? ಅಥವಾ ದೊಡ್ಡವ್ವ ಕೇಳಿದ್ದು ತನ್ನ ನೆನಪನ್ನೇ? ಇಷ್ಟು ವರ್ಷ ಒಂದು ಚಿಂತೆ ಇತ್ತು, ಈಗ ಅದು ಎರಡಾಯಿತು.

ಪೆನ್ ಡ್ರೈವ್ ಕೊಟ್ಟು ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ನಿಂತೆ. ತಂಗಿ ತೊಟ್ಟಿಲು ತೂಗತೊಡಗಿದಳು. ಬಾಕ್ಸಿನಿಂದ ದೊಡ್ಡವ್ವನ ಮೊದಲ ನುಡಿ ಮನೆ ಹಾರಿಹೋಗುವಂತೆ ಬಂತು. ನುಡಿ ಬೀಳಬಾರದಲ್ಲ, ರೂಢಿಯಂತೆ ಕುಷ್ಟಗಿಯ ಹೆಂಗಸರೆಲ್ಲ ಅದನ್ನು ಹಿಡಿಯಲು ಒಟ್ಟಿಗೇ ಬಾಯಿ ತೆರೆದರು. ಇನ್ನು ಆಯಿತು, ಅಳಿದುಳಿದದ್ದೂ ಇವರ ದನಿಯಡಿ ಹೋಯಿತು ಎಂದುಕೊಂಡೆ. ತೊಟ್ಟಿಲ ಪಕ್ಕ ಕೂತಿದ್ದ ದೊಡ್ಡವ್ವ ಕೈ ಎತ್ತಿದಳು.

"ತಡೀರಿ. ಯಾರೂ ಹಾಡಬ್ಯಾಡ್ರಿ."

ಎಲ್ಲರೂ ಗಪ್ಪಾದರು. ನಾನು ಕಿವಿಗೊಟ್ಟೆ. ದೊಡ್ಡವ್ವನ ದನಿ ಕೇಳಿತು, ಬಾಕ್ಸಿನ ಗುಂಯ್ ಕೇಳಿತು, ಸರಪಳಿಯ ಸಪ್ಪಳ ಕೇಳಿತು.

ಬೀಗಿತಿಗೆ ತಡೆಯಲಾಗಲಿಲ್ಲ. "ಎವ್ವಾ, ನುಡಿ ಬಿತ್ತಲ್ರಿ!"

"ಬಿದ್ದಿಲ್ಲ" ಅಂದಳು ದೊಡ್ಡವ್ವ. "ಅಕಿ ಹಿಡದಾಳ."

ತಂಗಿ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಎರಡೂ ಕೈಯಿಂದ ತೊಟ್ಟಿಲು ಹಿಡಿದು ನಿಲ್ಲಿಸಿದಳು. ಸರಪಳಿ ಸುಮ್ಮನಾಯಿತು.